ಕಿಟ್ಟಿ ಮನೆಗೆ ಹೋದ ಮೇಲೆ

ಕರಮ್‌ಚಂದನ ಕಿಟ್ಟಿ ಸಂಜೆ ಕೆಲಸ ಮುಗಿಸಿಕೊಂಡು ಮನೆಗೆ ಹೋದ ಮೇಲೆ ಏನು ಮಾಡುತ್ತಿದ್ದಳು ಅಂತ ಎಂದಾದರೂ ಯೋಚಿಸಿದ್ದೀರಾ? 1985ರಲ್ಲಿ ದೂರದರ್ಶನದಲ್ಲಿ ಶುರುವಾದ ಪತ್ತೇದಾರಿ ಧಾರಾವಾಹಿ ‘ಕರಮ್‌ಚಂದ್’. ಆಗ ಹುಟ್ಟಿರದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಂಕಜ್ ಕಪೂರ್ ಕಪ್ಪು ಕನ್ನಡಕ ಹಾಕಿಕೊಂಡು, ಹಸಿ ಕ್ಯಾರೆಟ್ಟನ್ನು ಕಟಕಟ ಕಡಿಯುತ್ತಾ ಕೊಲೆಗಾರರನ್ನು ಹಿಡಿಯುತ್ತಿದ್ದರು. ಪಕ್ಕದಲ್ಲಿ ಸಹಾಯಕಿ ಕಿಟ್ಟಿ, ಅಂದರೆ ಸುಷ್ಮಿತಾ ಮುಖರ್ಜಿ. ಅವಳು ಏನೋ ಒಂದು ಪೆದ್ದು ಪ್ರಶ್ನೆ ಕೇಳುವುದು, ಇವನು ‘ಶಟಪ್ ಕಿಟ್ಟಿ’ ಅನ್ನುವುದು, ಮನೆಮಂದಿಯೆಲ್ಲ ನಗುವುದು. ಅಣ್ಣಂದಿರೆಲ್ಲ ತಂಗಿಯರ ಬಾಯಿ ಮುಚ್ಚಿಸಲು ಆ ಎರಡು ಪದ ಕಲಿತದ್ದು ಆಗಲೇ. ನಾನೂ ನಗುತ್ತಿದ್ದೆ. ಆದರೆ ಟೀವಿ ಆರಿಸಿ ಎಲ್ಲರೂ ಮಲಗಿದ ಮೇಲೆ ನನಗೆ ಕೊಲೆಗಾರನ ಯೋಚನೆ ಬರುತ್ತಿರಲಿಲ್ಲ. ಅವನು ಸಿಕ್ಕಾಯಿತಲ್ಲ! ಆ ಕ್ಯಾರೆಟ್ಟು ದಿನಾ ತರುವವರು ಯಾರು? ತೊಳೆದಿಡುವವರು ಯಾರು? ಅದು ತಲೆಯಲ್ಲಿ ಸುತ್ತುತ್ತಿತ್ತು.

ಕಿಟ್ಟಿಯೇ ತರುತ್ತಿದ್ದಳು ಅಂತ ನಾನು ತೀರ್ಮಾನ ಮಾಡಿದೆ. ತರುವುದೆಂದ ಮೇಲೆ ಸಂತೆಗೆ ಹೋಗಬೇಕು. ಸಂತೆಗೆ ಹೋದ ಮೇಲೆ ತರಕಾರಿಯವಳ ಹತ್ತಿರ ಎರಡು ಮಾತಾಡದೆ ಬರಲಿಕ್ಕಾಗುತ್ತದೆಯೇ? ಎರಡು ಮಾತಾಡಿದಳು ಅಂದರೆ ಅಲ್ಲಿಗೆ ಒಂದು ಕಥೆ ಹುಟ್ಟಿತು. ಟೀವಿಯ ಪಾತ್ರಗಳನ್ನು ಹೀಗೆ ಮನೆಗೆ ಕರೆದುಕೊಂಡು ಬಂದು, ಅವರಿಗೆ ಕಾಫಿ ಕೊಟ್ಟು, ಧಾರಾವಾಹಿಯಲ್ಲಿ ಇಲ್ಲದ್ದನ್ನು ಅವರಿಂದ ಹೇಳಿಸುವ ಹವ್ಯಾಸಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ. ನನ್ನದು ಉದ್ದ ನೋಟುಬುಕ್ಕಿನಲ್ಲಿ ನಡೆಯುವ ವ್ಯವಹಾರ. ಓದುವವರು ಮುಖ್ಯವಾಗಿ ನನ್ನ ಅತ್ತಿಗೆ. ಅವರೂ ಬರೆಯುತ್ತಾರೆ, ನಾನೂ ಓದುತ್ತೇನೆ. ಹಬ್ಬಕ್ಕೆ ಊರಿಗೆ ಹೋದಾಗ ಸೀರೆಗಳ ನಡುವೆ ನೋಟುಬುಕ್ಕು ಇಟ್ಟುಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿಯೇ ಆಗಿದೆ.

ಆ ಕಿಟ್ಟಿಯ ಕಥೆಯನ್ನೇ ಹೇಳುತ್ತೇನೆ ಕೇಳಿ. ಊರಿನ ಶ್ರೀಮಂತ ಮುದುಕರೊಬ್ಬರು ಕಾಣೆಯಾಗಿದ್ದಾರೆ. ಮಗಳ ಮನೆಗೆ ಹೋಗಿದ್ದಾರೆ ಅಂತ ಅವರ ತಮ್ಮನ ಮಗ ಹೇಳುತ್ತಾನೆ. ಕರಮ್‌ಚಂದ್ ಮನೆಯೆಲ್ಲ ಸುತ್ತಿ ನೋಡಿದ್ದಾನೆ, ಏನೂ ಹೊಳೆದಿಲ್ಲ. ಸಂಜೆ ಕಿಟ್ಟಿ ಕ್ಯಾರೆಟ್ಟಿಗೆ ಅಂತ ಸಂತೆಗೆ ಹೋಗುತ್ತಾಳೆ. ತರಕಾರಿಯವಳು ಹಾಗಲಕಾಯಿಯ ಬುಟ್ಟಿಯನ್ನು ಒಳಗೆ ತಳ್ಳುತ್ತಾ, ‘ಇದು ಮಾರಾಟಕ್ಕಲ್ಲಮ್ಮ, ದೊಡ್ಡಮನೆಯವರದು, ದಿನಾ ಅರ್ಧ ಕೇಜಿ ಹೋಗಬೇಕು. ಆ ಮನೇಲಿ ಸಕ್ಕರೆ ಕಾಯಿಲೆ ಯಜಮಾನರಿಗೆ ಬಿಟ್ಟರೆ ಬೇರೆ ಯಾರೂ ಇದನ್ನು ಮುಟ್ಟಲ್ಲ’ ಅನ್ನುತ್ತಾಳೆ. ಕಿಟ್ಟಿ ‘ಪಾಪ’ ಅಂದುಕೊಂಡು ಕ್ಯಾರೆಟ್ ತೂಗಿಸಿಕೊಂಡು ಬರುತ್ತಾಳೆ. ಅವಳಿಗೆ ಏನೂ ಹೊಳೆಯುವುದಿಲ್ಲ. ಮಾರನೆಯ ದಿನ ಸಾಹೇಬರು ಗಾಢವಾಗಿ ಯೋಚನೆ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಕೇಳುತ್ತಾಳೆ: ‘ಸಾರ್, ಊರಲ್ಲಿ ಇಲ್ಲದವರು ಹಾಗಲಕಾಯಿ ತಿನ್ನುತ್ತಾರಾ?’ ‘ಶಟಪ್ ಕಿಟ್ಟಿ’ ಅನ್ನುತ್ತಾನೆ ಕರಮ್‌ಚಂದ್. ಅಂದವನ ಬಾಯಲ್ಲಿ ಕ್ಯಾರೆಟ್ ಅರ್ಧಕ್ಕೇ ನಿಲ್ಲುತ್ತದೆ.

ಇದರಲ್ಲಿ ಕಿಟ್ಟಿಯನ್ನು ನಾನು ಜಾಣೆ ಮಾಡಿಲ್ಲ, ಗಮನಿಸಿ. ಆಸೆ ಆಗುತ್ತದೆ. ಅವಳ ಕೈಯಿಂದಲೇ ಗುಟ್ಟು ಬಿಡಿಸಿ, ಸಾಹೇಬರನ್ನು ಒಂದು ಸಲ ಮೂಲೆಯಲ್ಲಿ ಕೂರಿಸಿ, ‘ಶಟಪ್ ಸಾರ್’ ಅನ್ನಿಸುವ ಆಸೆ. ಆದರೆ ಹಾಗೆ ಮಾಡಿದರೆ ಉಳಿಯುವುದು ಕಿಟ್ಟಿಯ ಹೆಸರು ಮಾತ್ರ. ಅವಳ ದೊಡ್ಡಗುಣವೆಂದರೆ ನಾಚಿಕೆಯಿಲ್ಲದೆ ಕೇಳುವುದು. ಬುದ್ಧಿವಂತರು ಕೇಳಲು ಹಿಂಜರಿಯುವುದನ್ನು ಅವಳು ಕೇಳುತ್ತಾಳೆ. ಆ ಗುಣವನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೊಂದು ಬೆಲೆ ಬರುವಂಥ ಸಂದರ್ಭ ಹುಡುಕುವುದು ಬರೆಯುವವರ ಕೆಲಸ. ನೋಟುಬುಕ್ಕು ಮಡಿಸಿಟ್ಟ ಮೇಲೆ ಅತ್ತಿಗೆ ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇದು ಅವಳೇನೇ, ಇಲ್ಲಾ ಅವಳ ಬಟ್ಟೆ ಹಾಕಿಕೊಂಡ ನೀನಾ?’ ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅತ್ತಿಗೆಯ ಪ್ರಶ್ನೆಯನ್ನೇ ಅಮೆರಿಕದಲ್ಲಿ 1973ರಲ್ಲಿ ಪಾಲಾ ಸ್ಮಿತ್ ಎಂಬಾಕೆ ಒಂದು ಪುಟ್ಟ ಕಥೆಯ ರೂಪದಲ್ಲಿ ಕೇಳಿದ್ದರು. ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶದ ಟೀವಿ ಧಾರಾವಾಹಿಯ ಅಭಿಮಾನಿಗಳ ನಡುವೆ ಆಗ ಕಥೆಗಳ ಸುಗ್ಗಿ. ಬಹಳಷ್ಟು ಕಥೆಗಳಲ್ಲಿ ಒಬ್ಬ ಹೊಸ ಹುಡುಗಿ ಎಂಟರ್‌ಪ್ರೈಸ್ ನೌಕೆಗೆ ಬರುತ್ತಾಳೆ, ಎಲ್ಲರಿಗಿಂತ ಚೆಲುವೆ, ಎಲ್ಲರಿಗಿಂತ ಚುರುಕು, ಬಂದ ಗಳಿಗೆಯಲ್ಲೇ ಕಪ್ತಾನ ಮನಸೋಲುತ್ತಾನೆ. ಸ್ಮಿತ್ ಅದನ್ನೆಲ್ಲ ಹಿಂಡಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ ಎಂಬ ಪಾತ್ರ ಮಾಡಿದರು. ಮೇರಿ ಸ್ಯೂ ಬರುತ್ತಾಳೆ, ನೌಕೆಯನ್ನು ಕಾಪಾಡುತ್ತಾಳೆ, ಸಾಯುತ್ತಾಳೆ, ಎಲ್ಲರೂ ಗೋಳೋ ಅಂತ ಅಳುತ್ತಾರೆ. ಅಂದಿನಿಂದ ಅಂಥ ಪಾತ್ರಗಳಿಗೆಲ್ಲ ಅದೇ ಹೆಸರು ನಿಂತಿತು. ಸ್ಮಿತ್ ಬರೆದದ್ದು ಚುರುಕಾಗಿದೆ, ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ಮಾತ್ರ ಆ ಹುಡುಗಿಯರ ಕಡೆಗೇ ವಾಲುತ್ತದೆ. ಹದಿನೈದು ವರ್ಷದ ಹುಡುಗಿ ವಾರವಾರವೂ ಒಂದು ನೌಕೆಯನ್ನು ನೋಡುತ್ತಾಳೆ. ಅಪ್ಪಣೆ ಕೊಡುವವರು, ಗುಂಡು ಹಾರಿಸುವವರು, ಹೊಸ ಗ್ರಹದಲ್ಲಿ ಮೊದಲು ಕಾಲಿಡುವವರು ಹೆಚ್ಚಾಗಿ ಗಂಡಸರೇ. ತನಗೆ ಅಲ್ಲಿ ಒಂದು ಕುರ್ಚಿ ಬೇಕು ಅನ್ನಿಸಿದರೆ ತಾನೇ ಎಳೆದುಕೊಂಡು ಹಾಕಿಕೊಳ್ಳದೆ ಇನ್ನೇನು ಮಾಡುತ್ತಾಳೆ? ಮೊದಲನೆಯ ಕಥೆಯಲ್ಲಿ ತನ್ನನ್ನೇ ಬರೆದುಕೊಂಡವಳು ಹತ್ತನೆಯದರಲ್ಲಿ ಬೇರೆಯವರನ್ನು ಬರೆಯಲು ಕಲಿಯುತ್ತಾಳೆ.

ಆ ಧಾರಾವಾಹಿಯ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ಹೊತ್ತು ಕೂರೋಣ. 1966ರಲ್ಲಿ ಶುರುವಾಗಿ 1969ರಲ್ಲಿ ನಿಂತುಹೋಯಿತು, ಒಟ್ಟು 79 ಕಂತು. ನಮ್ಮ ದೂರದರ್ಶನದಲ್ಲಿ ಎಂಬತ್ತರ ದಶಕದಲ್ಲಿ ಬಂತು. ಚೂಪು ಕಿವಿಯ ಸ್ಪಾಕ್‌ನನ್ನು ನೋಡಿ ಬೆರಗಾದವರು ಈಗಲೂ ಸಿಗುತ್ತಾರೆ. ಅಲ್ಲಿನ ಅಭಿಮಾನಿಗಳು 1967ರಲ್ಲೇ, ಧಾರಾವಾಹಿ ಇನ್ನೂ ನಡೆಯುತ್ತಿರುವಾಗಲೇ, ‘ಸ್ಪಾಕೇನೇಲಿಯಾ’ ಎಂಬ ಪತ್ರಿಕೆ ಹೊರಡಿಸಿದರು. ಸ್ಪಾಕ್ ಪಾತ್ರ ಮಾಡುತ್ತಿದ್ದ ಲಿಯೊನಾರ್ಡ್ ನಿಮೊಯ್ ಅದಕ್ಕೊಂದು ಪತ್ರವನ್ನೂ ಬರೆದುಕೊಟ್ಟರು. ಇಂಥ ಪತ್ರಿಕೆಗಳಲ್ಲಿ ಬರೆದವರು, ತಿದ್ದಿದವರು, ಅಂಚೆಗೆ ಹಾಕಿದವರು ಹೆಚ್ಚಿನ ಮಟ್ಟಿಗೆ ಹೆಂಗಸರೇ. ಮುದ್ರಣ ಅಂದರೆ ಸೈಕ್ಲೋಸ್ಟೈಲು.

ಸೈಕ್ಲೋಸ್ಟೈಲು ನೋಡಿದ್ದೀರಾ? ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ಬರುತ್ತಿದ್ದದ್ದು ಅದರಲ್ಲೇ. ಮೇಣ ಬಳಿದ ತೆಳ್ಳನೆಯ ಸ್ಟೆನ್ಸಿಲ್ ಹಾಳೆಯನ್ನು ಟೈಪ್‌ರೈಟರಿಗೆ ಸಿಕ್ಕಿಸಿ, ರಿಬ್ಬನ್ ಅಡ್ಡ ಬರದಂತೆ ಮಾಡಿ, ಅಕ್ಷರದ ಅಚ್ಚು ನೇರವಾಗಿ ಮೇಣಕ್ಕೆ ಬಡಿಯುವಂತೆ ಟೈಪು ಮಾಡಬೇಕು. ಹಗುರವಾಗಿ ಹೊಡೆದರೆ ಅಕ್ಷರ ಮೂಡುವುದಿಲ್ಲ. ಜೋರಾಗಿ ಹೊಡೆದರೆ ಇಂಗ್ಲಿಷಿನ ‘ಓ’ ಅಕ್ಷರದ ನಡುವಿನ ಚೂರು ಕಿತ್ತುಬಂದು, ಅಚ್ಚಾದಾಗ ಅಲ್ಲಿ ಕಪ್ಪು ಚುಕ್ಕೆ ಕೂರುತ್ತದೆ. ತಪ್ಪಾದರೆ ಬಾಟಲಿಯ ದ್ರಾವಣ ಸವರಿ, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಹೊಡೆಯಬೇಕು. ಅನಂತರ ಹಾಳೆಯನ್ನು ಶಾಯಿಯ ಉರುಳೆಗೆ ಸುತ್ತಿ, ಹಿಡಿ ತಿರುಗಿಸಿ, ಒಂದೊಂದೇ ಪ್ರತಿ ತೆಗೆದು, ಊಟದ ಮೇಜಿನ ಸುತ್ತ ನಡೆಯುತ್ತಾ ಪುಟ ಜೋಡಿಸಿ, ಪಿನ್ನು ಹೊಡೆದು, ಅಂಚೆಚೀಟಿ ಅಂಟಿಸಬೇಕು. ಇಷ್ಟೆಲ್ಲ ಯಾಕೆ? ಸ್ಪಾಕ್‌ಗೆ ಅವನ ಅಪ್ಪನ ಮೇಲೆ ಎಷ್ಟು ಸಿಟ್ಟಿತ್ತು ಅಂತ ತನಗೆ ಅನ್ನಿಸಿದ್ದನ್ನು, ಮುಖವನ್ನೇ ನೋಡಿರದ ಇನ್ನೊಬ್ಬಳಿಗೆ ತಿಳಿಸಲಿಕ್ಕೆ. ದುಡ್ಡಿಲ್ಲ, ಹೆಸರಿಲ್ಲ, ಪ್ರಶಸ್ತಿಯಿಲ್ಲ. ನನಗೆ ಇದಕ್ಕಿಂತ ಶುದ್ಧವಾದ ಸಾಹಿತ್ಯಸೇವೆ ಹೊಳೆಯುತ್ತಿಲ್ಲ.

ಆ ಅಪ್ಪನ ಕಥೆ ಚೆನ್ನಾಗಿದೆ. ಸ್ಪಾಕ್‌ನ ತಂದೆ ಸಾರೆಕ್ ವಲ್ಕನ್ ಗ್ರಹದವನು, ಭಾವನೆಗಳನ್ನು ಅದುಮಿಟ್ಟುಕೊಳ್ಳುವುದೇ ಅವನ ಕುಲದ ಧರ್ಮ. ತಾಯಿ ಅಮಾಂಡಾ ನಮ್ಮ ಭೂಮಿಯವಳು, ಟೀಚರಾಗಿದ್ದವಳು. ಅಪ್ಪ ಮಗ ಹದಿನೆಂಟು ವರ್ಷದಿಂದ ತಂದೆಮಗನಾಗಿ ಮಾತಾಡಿಲ್ಲ. ಇವರಿಬ್ಬರೂ ಮೂಲ ಧಾರಾವಾಹಿಯಲ್ಲಿ ಬಂದದ್ದು ಒಂದೇ ಒಂದು ಕಂತಿನಲ್ಲಿ. ಕಂತು ಬರೆದವರಿಗೆ ಕೊಲೆ, ಗೂಢಚಾರ, ಶಸ್ತ್ರಚಿಕಿತ್ಸೆ ಅಂತ ನೂರು ಕೆಲಸ. ನೋಡುತ್ತಾ ಕೂತವರಿಗೆ ಮಾತ್ರ ಒಂದೇ ಕುತೂಹಲ: ನಗದ ಗಂಡನ ಜೊತೆ ಈ ಹೆಂಗಸು ಸಂಸಾರ ಮಾಡಿದ್ದು ಹೇಗೆ? ನಮ್ಮ ಕಡೆಯ ಯಾವ ಹೆಂಗಸಿಗಾದರೂ ಹುಟ್ಟುವ ಪ್ರಶ್ನೆ ತಾನೇ ಇದು! ಜೀನ್ ಲೋರಾ ಎಂಬ ಲೇಖಕಿ ಇದನ್ನೇ ಹಿಡಿದು 1976ರಲ್ಲಿ ಸಾರೆಕ್–ಅಮಾಂಡಾರ ದಾಂಪತ್ಯದ ಬಗ್ಗೆ ಒಂದು ಇಡೀ ಕಾದಂಬರಿ ಬರೆದು ಅಭಿಮಾನಿಗಳಿಗೆ ಹಂಚಿದರು. ಮುಂದೆ ಅವರು ಅಧಿಕೃತ ಸ್ಟಾರ್ ಟ್ರೆಕ್ ಕಾದಂಬರಿಗಳನ್ನೂ ಬರೆದರು. ಅತ್ತ ಕಪ್ತಾನ ಕರ್ಕ್ ಮತ್ತು ಸ್ಪಾಕ್‌ರ ಸ್ನೇಹವನ್ನು ಪ್ರೇಮವೆಂದೇ ಕಂಡವರು 1974ರಿಂದ ಹಾಗೆಯೇ ಬರೆದು ಅಚ್ಚು ಹಾಕಿಸಿದರು. ಅಂಥ ಪ್ರೇಮವನ್ನು ಟೀವಿಯಲ್ಲಿ ಯಾರೂ ತೋರಿಸದಿದ್ದ ಕಾಲದಲ್ಲಿ ಅವರು ಅಷ್ಟು ಕಕ್ಕುಲಾತಿಯಿಂದ ಬರೆದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಹೇಳಲೇಬೇಕು. ನೌಕೆ ನಡೆಸುವ ಸುಲು ಇದ್ದಾನಲ್ಲ, ಅವನಿಗೆ ಮೂರು ವರ್ಷದ ಧಾರಾವಾಹಿಯಲ್ಲಿ ಸುಲು ಅನ್ನುವುದು ಬಿಟ್ಟು ಇನ್ನೊಂದು ಹೆಸರೇ ಸಿಗಲಿಲ್ಲ. ಅದೇ ನೌಕೆಯ ಉಹುರಾಳದ್ದೂ ಅದೇ ಕಥೆ. 1981ರಲ್ಲಿ ವೊಂಡಾ ಮೆಕಿಂಟೈರ್ ತಮ್ಮ ಕಾದಂಬರಿಯಲ್ಲಿ ಅವನನ್ನು ಹಿಕಾರು ಅಂತ ಕರೆದರು. ಅದು ಪರವಾನಗಿ ಪಡೆದ ಪುಸ್ತಕ, ನಮ್ಮಂತೆ ನೋಟುಬುಕ್ಕಿನದಲ್ಲ. ಆದರೂ ಪರದೆಯ ಆಚೆಯಿಂದ ಬಂದ ಹೆಸರು. ಹತ್ತು ವರ್ಷ ಕಳೆದು, 1991ರ ಸಿನಿಮಾದಲ್ಲಿ ಆ ಹೆಸರು ಪರದೆಯ ಮೇಲೇ ಕೇಳಿಸಿತು. ಉಹುರಾಳಿಗೆ ಪುಸ್ತಕವೊಂದು ಕೊಟ್ಟಿದ್ದ ನಿಯೋಟಾ ಎಂಬ ಹೆಸರು ಪರದೆಗೆ ಬಂದದ್ದು 2009ರಲ್ಲಿ. ನಾಮಕರಣಕ್ಕೆ ಸೋದರತ್ತೆಯ ಹಕ್ಕು ಅಂತ ನಮ್ಮಲ್ಲಿ ಇದೆ. ಇಲ್ಲಿ ಆ ಹಕ್ಕು ಹೊರಗಿನಿಂದ ಬರೆದವರ ಪಾಲಿಗೆ ಬಂತು.

ಈ ಮಾತು ತೆಗೆದಾಗಲೆಲ್ಲ ಯಾರಾದರೊಬ್ಬರು ‘ಇದೇನು ಹೊಸದಾ? ಪಂಪ ಮಾಡಿದ್ದೂ ಇದೇ ಅಲ್ಲವಾ?’ ಅನ್ನುತ್ತಾರೆ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ, ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡ, ನಿಜ. ಆದರೆ ಅವನು ಕಥೆಯನ್ನೇ ಕಟ್ಟಿ ನಿಲ್ಲಿಸಿದ ಮಹಾಕವಿ. ಅವನ ಪಂಕ್ತಿಯಲ್ಲಿ ನಮ್ಮನ್ನು ಕೂರಿಸಿದರೆ ಅನ್ನ ಇಳಿಯುವುದಿಲ್ಲ. ನನಗೆ ಹತ್ತಿರದ ನೆಂಟಸ್ತಿಕೆ ಕಾಣುವುದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಪ್ರಸಂಗದ ಒಂದು ಪದವನ್ನೂ ಮೀರುವಂತಿಲ್ಲ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಿದ್ದಲ್ಲಿಂದ ರಾಮನನ್ನು ಪ್ರಶ್ನೆ ಕೇಳುತ್ತಿದ್ದರೆ ಜನ ಬೆಳಗಿನ ಜಾವದವರೆಗೂ ಏಳುತ್ತಿರಲಿಲ್ಲ. ಎರಡು ಪದ್ಯಗಳ ನಡುವೆ ಎಷ್ಟು ಜಾಗ ಇದೆ ಅಂತ ತೋರಿಸಿಕೊಟ್ಟವರು ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಗಳು. ಕಂತು ಕಂತಿನ ನಡುವೆಯೂ ಅಷ್ಟೇ ಜಾಗ ಇದೆ.

ಬೇರೆಯವರ ಮಕ್ಕಳನ್ನು ಕೇಳದೆ ಕರೆದುಕೊಂಡು ಬರುವುದು ಸರಿಯೇ ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೆತ್ತವರ ಸ್ವಭಾವ ಒಂದೊಂದು ಥರ. ಷರ್ಲಾಕ್ ಹೋಮ್ಸ್‌ನನ್ನು ನಾಟಕಕ್ಕೆ ತರುತ್ತಿದ್ದ ವಿಲಿಯಂ ಜಿಲೆಟ್, ‘ಇವನಿಗೆ ಮದುವೆ ಮಾಡಿಸಬಹುದೇ?’ ಅಂತ ತಂತಿ ಕಳಿಸಿದಾಗ ಕಾನನ್ ಡಾಯ್ಲ್, ಮದುವೆಯಾದರೂ ಮಾಡಿಸಿ, ಕೊಂದಾದರೂ ಹಾಕಿ ಎಂಬರ್ಥದ ಉತ್ತರ ಕೊಟ್ಟರಂತೆ. ಡಾಯ್ಲ್ ತಾವೇ 1893ರಲ್ಲಿ ಅವನನ್ನು ಜಲಪಾತಕ್ಕೆ ನೂಕಿದ್ದವರು, ಅವರಿಗೆ ಬೇಜಾರಾಗಿತ್ತು. ‘ಗೇಮ್ ಆಫ್ ಥ್ರೋನ್ಸ್’ನ ಮೂಲ ಲೇಖಕ ಜಾರ್ಜ್ ಮಾರ್ಟಿನ್‌ರಿಗೆ ಇದು ಸುತರಾಂ ಇಷ್ಟವಿಲ್ಲ. ‘ಬ್ಯಾಬಿಲಾನ್ 5’ ಬರೆಯುತ್ತಿದ್ದ ಸ್ಟ್ರಾಝಿನ್ಸ್ಕಿಯವರ ಕಷ್ಟ ಬೇರೆ. ತಾವು ಬರೆಯಬೇಕೆಂದಿದ್ದ ಕಥೆಯನ್ನೇ ಅಭಿಮಾನಿಯೊಬ್ಬರು ಊಹಿಸಿ ಹೇಳಿಬಿಟ್ಟಿದ್ದರಿಂದ, ನಾಳೆ ಕದ್ದರು ಅಂತ ಆಗಬಾರದೆಂದು ಆ ಕಂತನ್ನು ಬದಿಗಿಟ್ಟು, ಆ ಅಭಿಮಾನಿಯಿಂದ ಒಪ್ಪಿಗೆ ಬರೆಸಿಕೊಂಡ ಮೇಲೆ ಮುಂದುವರಿಸಬೇಕಾಯಿತು. ನನ್ನ ಲೆಕ್ಕ ಸರಳ: ಮಾರಬಾರದು, ನನ್ನದೇ ಅಂತ ಹೇಳಿಕೊಳ್ಳಬಾರದು. ಅದರಾಚೆ, ಪ್ರೀತಿಸಿದ್ದಕ್ಕೆ ಅಪ್ಪಣೆ ಕೇಳಬೇಕಾಗಿಲ್ಲ.

ಹೋಮ್ಸ್ ಅಂದಕೂಡಲೇ ಬಿಬಿಸಿಯ ‘ಷರ್ಲಾಕ್’ ನೆನಪಾಯಿತು. 2012ರ ಜನವರಿಯಲ್ಲಿ ಅವನು ಆಸ್ಪತ್ರೆಯ ಮಾಳಿಗೆಯಿಂದ ಹಾರಿದ. ಕಂತಿನ ಕೊನೆಯಲ್ಲಿ ಜೀವಂತ ಕಂಡ. ಉಳಿದದ್ದು ಹೇಗೆಂದು ಹೇಳದೆ ಎರಡು ವರ್ಷ ಕಾಯಿಸಿದರು. ಆ ಎರಡು ವರ್ಷ ಜಗತ್ತಿನ ತುಂಬ ಜನ ಬರೆದದ್ದೇ ಬರೆದದ್ದು. ಕೊನೆಗೆ 2014ರ ಜನವರಿ 1ರಂದು ಬಂದ ಕಂತಿನಲ್ಲಿ ನಿಜ ಸಂಗತಿ ಹೇಳುವ ಮೊದಲು ಅಭಿಮಾನಿಗಳ ಸಂಘವೊಂದನ್ನೇ ಪಾತ್ರವಾಗಿ ತಂದು, ಅವರ ಊಹೆಗಳನ್ನು ದೃಶ್ಯಗಳಾಗಿಯೇ ತೋರಿಸಿದರು. ಅದನ್ನು ನೋಡಿ ಎಷ್ಟು ಹಿತವಾಯಿತು ಅನ್ನುತ್ತೀರಿ! ಅದಕ್ಕಿಂತಲೂ ದೊಡ್ಡ ಗೌರವ ‘ಎಕ್ಸ್ ಫೈಲ್ಸ್’ ತಂಡದ್ದು. ಆ ಧಾರಾವಾಹಿಯ ಪಾತ್ರಗಳ ಮೇಲೆ ಕಥೆ ಬರೆಯುತ್ತಿದ್ದ ಒಬ್ಬಾಕೆ 2001ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ಒಂದು ಕಂತಿನಲ್ಲಿ ಅವರ ಹೆಸರಿನ ಹೊಸ ಏಜೆಂಟ್ ಬಂದಳು. ಎಫ್‌ಬಿಐನ ಲೆಕ್ಕದ ವಿಭಾಗದಲ್ಲಿ ಕೂತು ನಾಯಕ–ನಾಯಕಿಯರಾದ ಮುಲ್ಡರ್–ಸ್ಕಲಿಯರ ಪ್ರಯಾಣದ ಖರ್ಚಿನ ಚೀಟಿಗಳನ್ನು ಪಾಸು ಮಾಡುತ್ತಿದ್ದವಳು. ಅದಕ್ಕೇ ಅವರ ಪ್ರಕರಣಗಳೆಲ್ಲ ಅವಳಿಗೆ ಬಾಯಿಪಾಠ! ಅಭಿಮಾನಿಯನ್ನು ಇಷ್ಟು ಅರ್ಥಮಾಡಿಕೊಂಡು ಬರೆದ ಪಾತ್ರ ಇನ್ನೊಂದಿಲ್ಲ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳಕ್ಕೆ ಬರುತ್ತೇನೆ. ಜಗಳ ಮಾಲ್ಗುಡಿಯದು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇಲ್ಲದಿದ್ದರೆ ನಮ್ಮ ಅತ್ತಿಗೆ ಪೆನ್ನೇ ಹಿಡಿಯುತ್ತಿರಲಿಲ್ಲ. ಮಾಸ್ಟರ್ ಮಂಜುನಾಥನ ಸ್ವಾಮಿ ಅವರಿಗೆ ಹೆತ್ತ ಮಗನಿಗಿಂತ ಹೆಚ್ಚು. ಆಗುಂಬೆಯ ದೊಡ್ಡಮನೆಯ ಮುಂದೆ ನಿಂತು, ಸ್ವಾಮಿಯ ಅಜ್ಜಿಯ ಕೋಣೆ ಯಾವ ಕಡೆ ಇದ್ದೀತು ಅಂತ ಮಳೆಯಲ್ಲಿ ನೆನೆಯುತ್ತಾ ಲೆಕ್ಕ ಹಾಕಿ ಬಂದವರು ಅವರು. ಅಜ್ಜಿಯ ದನಿಯಲ್ಲಿ ಅವರು ಬರೆದದ್ದನ್ನು ನೀವು ಓದಬೇಕು. ಸ್ವಾಮಿ ತನ್ನ ಗೆಳೆಯ ರಾಜಂನ ಶೌರ್ಯವನ್ನು ಕೊಂಡಾಡುತ್ತಿದ್ದರೆ ಅಜ್ಜಿ ನಡುವೆ ಬಾಯಿ ಹಾಕಿ ತನ್ನ ಗಂಡನ ಕಾಲದ ಸುದ್ದಿ ಶುರುಮಾಡುತ್ತಾಳೆ. ಹುಡುಗ ಎದ್ದು ಹೋದದ್ದು ಗೊತ್ತಾದರೂ ನಿಲ್ಲಿಸುವುದಿಲ್ಲ, ಗೋಡೆಗೆ ಹೇಳಿ ಮುಗಿಸುತ್ತಾಳೆ.

ಜಗಳ ಅದರ ಮೇಲಲ್ಲ, ರಾಜಂನ ಮೇಲೆ. ಸ್ವಾಮಿಯ ಕಥೆಗೆ ಮೂಲವಾದ ಆರ್. ಕೆ. ನಾರಾಯಣರ 1935ರ ಕಾದಂಬರಿಯ ಕೊನೆ ನಿಮಗೆ ನೆನಪಿದ್ದರೆ, ಪೊಲೀಸ್ ಅಧಿಕಾರಿಯ ಮಗ ರಾಜಂ ಅಪ್ಪನ ವರ್ಗದ ಮೇಲೆ ಊರು ಬಿಡುತ್ತಾನೆ. ಕ್ರಿಕೆಟ್ ಪಂದ್ಯಕ್ಕೆ ಸ್ವಾಮಿ ಬರಲಿಲ್ಲ ಅನ್ನುವ ಸಿಟ್ಟು ಆರಿಲ್ಲ. ಸ್ವಾಮಿ ರೈಲು ನಿಲ್ದಾಣಕ್ಕೆ ಆಂಡರ್ಸನ್‌ನ ಕಥೆಗಳ ಪುಸ್ತಕ ಹಿಡಿದುಕೊಂಡು ಹೋಗುತ್ತಾನೆ. ರೈಲು ಹೋಗುತ್ತದೆ. ಮುಂದೆ? ಅತ್ತಿಗೆ ರಾಜಂನಿಂದ ಸ್ವಾಮಿಗೆ ಒಂದು ಕಾಗದ ಬರೆಸಿದ್ದಾರೆ. ಹೊಸ ಶಾಲೆ, ಹೊಸ ಟೀಮು, ಪುಸ್ತಕ ಓದಿದೆ, ಚೆನ್ನಾಗಿದೆ. ಅಷ್ಟೇ ಕಾಗದ. ರಾಜಂ ಬರೆಯುವವನಲ್ಲ ಅಂತ ನನ್ನ ವಾದ. ಅವನಿಗೆ ಅಷ್ಟು ಬೇಗ ಸಿಟ್ಟು ಇಳಿಯುವುದಿಲ್ಲ, ಇಳಿದರೂ ತೋರಿಸಿಕೊಳ್ಳುವ ಹುಡುಗನಲ್ಲ. ‘ಹಾಗಾದರೆ ಸ್ವಾಮಿ ಕಾಯುತ್ತಾ ಕೂತಿರಲೇನೇ?’ ಅಂತ ಅತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡರು. ನಾನು ಒಂದು ದಾರಿ ಹೇಳಿದ್ದೇನೆ: ಕಾಗದ ಬರೆದದ್ದು ರಾಜಂ ಅಲ್ಲ, ಮಣಿ. ದೊಣ್ಣೆ ಹಿಡಿದು ಓಡಾಡುವ ಮಣಿ ಸ್ನೇಹಿತನ ಮುಖ ನೋಡಲಾರದೆ ರಾಜಂನ ಹೆಸರಿನಲ್ಲಿ ತಾನೇ ಬರೆದು ಅಂಚೆಗೆ ಹಾಕಿದ್ದಾನೆ. ಅತ್ತಿಗೆಗೆ ಇದು ಇಷ್ಟವಾಗಿದೆ. ಆದರೆ ಮಣಿಗೆ ಕಾಗುಣಿತ ಬರುವುದಿಲ್ಲ, ತಪ್ಪುಗಳನ್ನು ನೋಡಿ ಸ್ವಾಮಿಗೆ ತಕ್ಷಣ ಗೊತ್ತಾಗಿಬಿಡುತ್ತದೆ ಅಂತ ಅವರ ಆಕ್ಷೇಪ. ಗೊತ್ತಾದರೂ ಸ್ವಾಮಿ ಹೇಳುವುದಿಲ್ಲ ಅಂತ ನಾನು. ಹೇಳದೆ ಇರಲು ಸ್ವಾಮಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ ಅಂತ ಅವರು. ದೀಪಾವಳಿಗೆ ಊರಿಗೆ ಹೋದಾಗ ಇದು ತೀರ್ಮಾನವಾಗಬೇಕು. ಅಷ್ಟರಲ್ಲಿ ನೀವೂ ಸ್ವಲ್ಪ ಯೋಚಿಸಿ ನೋಡಿ: ಆ ಕಾಗದದಲ್ಲಿ ಮಣಿ ಎಷ್ಟು ತಪ್ಪು ಮಾಡಿರಬಹುದು?